ಹಿಂದಿನದು ಎಷ್ಟು ಕಾಣಬೇಕು

ಹೊಸದಾಗಿ ಕ್ಯಾಮೆರಾ ಕೊಳ್ಳಲು ಹೊರಟ ಹುಡುಗರು, ಅವರು ಕೊಪ್ಪಳದವರಿರಲಿ ಗಂಗಾವತಿಯವರಿರಲಿ, ಅಂಗಡಿಯಲ್ಲಿ ಮೊದಲು ಕೇಳುವುದು "ಹಿಂದ ಬ್ಲರ್ ಬರ್ತೈತೇನ್ರಿ?" ಎಂದು. ಮುಖವೊಂದು ಸ್ಪಷ್ಟವಾಗಿದ್ದು ಅದರ ಹಿಂದಿನ ಗೋಡೆ, ಗಿಡ, ಬೀದಿದೀಪಗಳೆಲ್ಲ ಕರಗಿಹೋಗಿದ್ದರೆ ಅದು ಸಿನಿಮಾ, ಎಲ್ಲವೂ ಒಂದೇ ಸಮನೆ ಕಾಣುತ್ತಿದ್ದರೆ ಅದು ಮದುವೆ ಕ್ಯಾಸೆಟ್ಟು ಎಂಬ ತೀರ್ಮಾನ ನಮ್ಮ ಕಡೆ ಗಟ್ಟಿಯಾಗಿ ಬೇರೂರಿದೆ. ಅದರ ಹಿಂದೆಯೇ, ಸಾಲ ಮಾಡಿಯಾದರೂ ದೊಡ್ಡ ಸೆನ್ಸರಿನ (ಬೆಳಕನ್ನು ಚಿತ್ರವಾಗಿಸುವ ಒಳಫಲಕದ) ಕ್ಯಾಮೆರಾ ತರಬೇಕು ಎಂಬ ಹಟವೂ ಹುಟ್ಟಿಕೊಳ್ಳುತ್ತದೆ. ಕ್ಯಾಮೆರಾದ ಬೆಲೆ ಏರಿದಂತೆ ಹಿನ್ನೆಲೆಯ ಮಸುಕು ತಾನಾಗಿ ಬರುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಅದು ಎರಡು ಅಳತೆಗಳ ಲೆಕ್ಕ, ಮತ್ತು ಆ ಎರಡನ್ನೂ ಸಾಧಾರಣ ಕ್ಯಾಮೆರಾ ಇಟ್ಟುಕೊಂಡವರು ಬಹುಮಟ್ಟಿಗೆ ತಮ್ಮ ಹಿಡಿತದಲ್ಲಿ ಇಟ್ಟುಕೊಳ್ಳಬಹುದು. ಅದಕ್ಕಿಂತ ಮುಖ್ಯವಾಗಿ, ನಮ್ಮ ಸೀಮೆಯಲ್ಲಿ ಚಿತ್ರ ತೆಗೆಯುವವರಿಗೆ ಹಿನ್ನೆಲೆಯನ್ನು ಅಳಿಸುವುದು ಯಾವಾಗ ಬೇಡ ಎಂಬುದು ತಿಳಿದಿರಬೇಕು.

ಆ ಹಂಬಲಕ್ಕೆ ಕಾರಣವಿಲ್ಲದಿಲ್ಲ. ಟೇಪಿನ ಕಾಲದಲ್ಲಿ ಮದುವೆಗಳಿಗೆ ಬರುತ್ತಿದ್ದ ಸೋನಿ ಪಿಡಿ170ರಂಥ ಕ್ಯಾಮೆರಾಗಳ ಸೆನ್ಸರು 1/3 ಇಂಚಿನ ವರ್ಗದ್ದು; ಅದರ ಅಗಲ 5 ಮಿ.ಮೀ. ಕೂಡ ಇರಲಿಲ್ಲ. ಝೂಮನ್ನು ಪೂರ್ತಿ ಹಿಂದಕ್ಕೆ ತಂದು 6 ಮಿ.ಮೀ.ನಲ್ಲಿ ನಿಲ್ಲಿಸಿ, ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು, ಎಫ್/1.6ರಷ್ಟು (ಈ ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು) ಅಗಲವಾಗಿ ತೆರೆದು, ಐದೂವರೆ ಮೀಟರಿನ ಆಸುಪಾಸಿನಲ್ಲಿ ಫೋಕಸ್ ಮಾಡಿದರೆ, ಮೂರು ಮೀಟರಿನಿಂದ ಹಿಡಿದು ಕಣ್ಣು ಹಾಯುವಷ್ಟು ದೂರದವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತಿತ್ತು. ಇದನ್ನು ಮೀರಲು ಕೆಲವರು ವಿಡಿಯೊ ಕ್ಯಾಮೆರಾದ ಮೂತಿಗೆ ಕೊಳವೆಯೊಂದನ್ನು ಕಟ್ಟಿ, ಅದರ ಮುಂದೆ ಫೋಟೊ ಕ್ಯಾಮೆರಾದ ಲೆನ್ಸು ಕೂರಿಸಿ, ಆ ಲೆನ್ಸು ಮಬ್ಬುಗಾಜಿನ ಮೇಲೆ ಬೀಳಿಸಿದ ಚಿತ್ರವನ್ನು ಚಿತ್ರೀಕರಿಸುತ್ತಿದ್ದರು. ಗಾಜಿನ ಮೇಲಿನ ಕಣಗಳು ಕಾಣದಿರಲೆಂದು ಅದನ್ನು ಮೋಟಾರಿನಿಂದ ಅದುರಿಸಬೇಕು ಇಲ್ಲವೇ ತಿರುಗಿಸಬೇಕು, ಚಿತ್ರ ತಲೆಕೆಳಗಾಗಿ ಬರುತ್ತದೆ, ಬೆಳಕೂ ಸೋರಿಹೋಗುತ್ತದೆ. 2008ರಲ್ಲಿ ನಿಕಾನ್ ಡಿ90 ಮತ್ತು ಕ್ಯಾನನ್ 5ಡಿ ಮಾರ್ಕ್ 2 ಬಂದು ಫೋಟೊ ಕ್ಯಾಮೆರಾಗಳೇ ವಿಡಿಯೊ ತೆಗೆಯತೊಡಗಿದ ಮೇಲೆ ಆ ಕೊಳವೆಗಳ ಕಾಲ ಮುಗಿಯಿತು. 5ಡಿಯ ಸೆನ್ಸರು 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ್ದು. 'ದೊಡ್ಡ ಸೆನ್ಸರ್ ಎಂದರೆ ಬ್ಲರ್' ಎಂಬ ಮಾತು ಊರೂರಿಗೆ ಹಬ್ಬಿದ್ದು ಆಗ.

ಆ ಮಾತು ಅರ್ಧ ಮಾತ್ರ ನಿಜ. ಹಿನ್ನೆಲೆಯನ್ನು ಹರಡುವ ಕೆಲಸ ಮಾಡುವುದು ಲೆನ್ಸಿನ ಕಿಂಡಿ. ಲೆನ್ಸನ್ನು ಮುಂದಿನಿಂದ ನೋಡಿದಾಗ ಒಳಗೆ ಕಾಣುವ ಆ ದುಂಡು ಕಿಂಡಿಯ ವ್ಯಾಸವನ್ನು ಲೆಕ್ಕ ಹಾಕುವುದು ಸುಲಭ: ಲೆನ್ಸಿನ ಮಿಲಿಮೀಟರನ್ನು (ಅದರ ಫೋಕಲ್ ಲೆಂತನ್ನು) ಎಫ್ ಸಂಖ್ಯೆಯಿಂದ ಭಾಗಿಸಿದರೆ ಆಯಿತು. 50 ಮಿ.ಮೀ. ಎಫ್/1.8 ಲೆನ್ಸಿನ ಕಿಂಡಿ ಸುಮಾರು 28 ಮಿ.ಮೀ. ಈಗ ಆ ಲೆನ್ಸಿನಿಂದ ಒಬ್ಬರ ಕಣ್ಣಿಗೆ ಫೋಕಸ್ ಮಾಡಿದ್ದೇವೆ, ಅವರ ಹಿಂದೆ ಬಹುದೂರದಲ್ಲಿ ಒಂದು ದೀಪ ಉರಿಯುತ್ತಿದೆ ಎಂದುಕೊಳ್ಳಿ. ಚಿತ್ರದಲ್ಲಿ ಆ ದೀಪ ಬಿಲ್ಲೆಯಾಗಿ ಹರಡುತ್ತದೆ. ಆ ಬಿಲ್ಲೆಯನ್ನು ಅವರ ಮುಖದ ಪಕ್ಕದಲ್ಲೇ ಇಟ್ಟು ಅಳೆದರೆ ಅದರ ಅಗಲ ಸರಿಯಾಗಿ ಕಿಂಡಿಯಷ್ಟೇ, ಅಂದರೆ 28 ಮಿ.ಮೀ., ಹೆಚ್ಚುಕಡಿಮೆ ಒಂದು ಕಣ್ಣಿನಷ್ಟು ಅಗಲ. ಸೆನ್ಸರು ಯಾವ ಅಳತೆಯದ್ದಾದರೂ ಈ ಲೆಕ್ಕ ಬದಲಾಗದು. ಸಣ್ಣ ಸೆನ್ಸರಿನ ಕ್ಯಾಮೆರಾಗಳಿಗೆ ಸಣ್ಣ ಮಿಲಿಮೀಟರಿನ ಲೆನ್ಸುಗಳಿರುತ್ತವೆ, ಹೀಗಾಗಿ ಅವುಗಳ ಕಿಂಡಿಯೂ ಸಣ್ಣದಾಗಿರುತ್ತದೆ. ಇದರಲ್ಲಿ ಸೆನ್ಸರಿನ ಪಾತ್ರ ಇಷ್ಟೇ.

ನಮ್ಮ ಜಿಲ್ಲೆಯವರಿಗೆ ಈ ಲೆಕ್ಕ ಹೊಸದಾಗಬೇಕಾಗಿಲ್ಲ. 2025ರಲ್ಲಿ ಪದ್ಮಶ್ರೀ ಪಡೆದ ತೊಗಲುಗೊಂಬೆಯಾಟದ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರು ಕೊಪ್ಪಳ ಜಿಲ್ಲೆಯ ಮೊರನಾಳದವರು. ತೊಗಲುಗೊಂಬೆಯಾಟದಲ್ಲಿ ಗೊಂಬೆಯನ್ನು ಪರದೆಗೆ ತಾಗಿಸಿ ಹಿಡಿದಾಗ ಅದರ ಕಿವಿಯೋಲೆಯ ರಂಧ್ರ ಕೂಡ ಕಾಣುತ್ತದೆ. ಗೊಂಬೆ ಪರದೆಯಿಂದ ಹಿಂದಕ್ಕೆ ಸರಿದಂತೆ ಅಂಚು ಕದಡುತ್ತದೆ. ಎಷ್ಟು ಕದಡುತ್ತದೆ ಎಂಬುದು ದೀಪದ ಗಾತ್ರವನ್ನು ಅವಲಂಬಿಸಿದೆ: ಹಣತೆಯ ಸಣ್ಣ ಕುಡಿಯಾದರೆ ಗೊಂಬೆ ದೂರ ಸರಿದರೂ ನೆರಳು ತಕ್ಕಮಟ್ಟಿಗೆ ಗಟ್ಟಿಯಾಗಿರುತ್ತದೆ, ದೊಡ್ಡ ಜ್ವಾಲೆಯಾದರೆ ಬೇಗ ಕರಗುತ್ತದೆ. ದೀಪದ ಜಾಗದಲ್ಲಿ ಲೆನ್ಸಿನ ಕಿಂಡಿಯನ್ನೂ, ಪರದೆಯ ಜಾಗದಲ್ಲಿ ನಾವು ಫೋಕಸ್ ಮಾಡಿದ ದೂರವನ್ನೂ ಇಟ್ಟು ನೋಡಿದರೆ ರೇಖಾಗಣಿತ ಒಂದೇ.

ಈ ಕಿಂಡಿಯ ಲೆಕ್ಕ ಹಿಡಿದು ಮನೆಯಲ್ಲಿರುವ ಸಾಮಾನನ್ನೆಲ್ಲ ಅಳೆದರೆ ಸ್ವಾರಸ್ಯವಾದ ಸಂಗತಿಗಳು ಹೊರಬೀಳುತ್ತವೆ. ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸು 18ರಲ್ಲಿ ಎಫ್/3.5 ಆದರೆ ಕಿಂಡಿ 5 ಮಿ.ಮೀ., 55ರಲ್ಲಿ ಎಫ್/5.6 ಆದರೆ 10 ಮಿ.ಮೀ. ಫೋನಿನ ಮುಖ್ಯ ಕ್ಯಾಮೆರಾದ ಮೇಲೆ ಎಫ್/1.8 ಎಂದು ಹೆಮ್ಮೆಯಿಂದ ಬರೆದಿದ್ದರೂ ಅದರ ಲೆನ್ಸು ನಿಜವಾಗಿ ಐದಾರು ಮಿ.ಮೀ.ನದು, ಕಿಂಡಿ ಮೂರು ಮಿ.ಮೀ. ಸುತ್ತಮುತ್ತ. ಇವೆರಡರ ಪಕ್ಕದಲ್ಲಿ, ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಆ ಹಳೆಯ ಪಿಡಿ170 ಅನ್ನು ಇಡಿ. ಅದರ ಝೂಮನ್ನು ಪೂರ್ತಿ ಮುಂದಕ್ಕೆ ಒಯ್ದು 72 ಮಿ.ಮೀ.ನಲ್ಲಿ ನಿಲ್ಲಿಸಿದರೆ ಅಪರ್ಚರು ಎಫ್/2.4, ಕಿಂಡಿ 30 ಮಿ.ಮೀ.! ಐದು ಮೀಟರು ದೂರ ನಿಂತು ಹಾಗೆ ಝೂಮ್ ಮಾಡಿದರೆ ಚೌಕಟ್ಟಿನ ಅಗಲ 33 ಸೆಂ.ಮೀ., ಅಂದರೆ ಒಂದು ಮುಖಕ್ಕೆ ಸರಿ. ಅದರ ಹಿಂದಿನ ದೂರದ ಬೆಟ್ಟ 50 ಮಿ.ಮೀ. ಎಫ್/1.8 ಲೆನ್ಸಿನಲ್ಲಿ ಕರಗುವಷ್ಟೇ ಇಲ್ಲಿಯೂ ಕರಗುತ್ತದೆ. 'ಮದುವೆ ಕ್ಯಾಸೆಟ್ಟಿನ' ಕ್ಯಾಮೆರಾ ಮೊದಲಿನಿಂದಲೂ ಇದನ್ನು ಮಾಡಬಲ್ಲದಾಗಿತ್ತು. ಕಲ್ಯಾಣಮಂಟಪದ ಇಕ್ಕಟ್ಟಿನಲ್ಲಿ ಐದು ಮೀಟರು ಹಿಂದೆ ಸರಿಯಲು ಜಾಗ ಕೊಡುವವರು ಯಾರೂ ಇರಲಿಲ್ಲ, ಅಷ್ಟೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಕೊಳ್ಳಬೇಕು. ಝೂಮ್ ಮಾಡಿದರೆ ಡೆಪ್ತ್ ಆಫ್ ಫೀಲ್ಡ್ (ಮುಂದಿನಿಂದ ಹಿಂದಕ್ಕೆ ಸ್ಪಷ್ಟವಾಗಿ ಕಾಣುವ ಆಳ) ಕಡಿಮೆಯಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಿಂತಲ್ಲೇ ನಿಂತು ಝೂಮ್ ಮಾಡಿದರೆ ಅದು ಸರಿ. ಆದರೆ ಹತ್ತಿರ ಹೋಗಿ, ಝೂಮನ್ನು ಹಿಂದಕ್ಕೆ ತಂದು, ವೈಡ್‌ನಲ್ಲಿ ತೆಗೆದ ಮುಖವನ್ನೂ, ದೂರ ನಿಂತು ಝೂಮ್‌ನಲ್ಲಿ ಅದೇ ಗಾತ್ರಕ್ಕೆ ತೆಗೆದ ಮುಖವನ್ನೂ ಒಂದೇ ಎಫ್ ಸಂಖ್ಯೆಯಲ್ಲಿ ಹೋಲಿಸಿದರೆ, ಮೂಗಿನಿಂದ ಕಿವಿಯವರೆಗೆ ಸ್ಪಷ್ಟವಾಗಿರುವ ಆಳ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ವ್ಯತ್ಯಾಸವಾಗುವುದು ದೂರದ ಹಿನ್ನೆಲೆಯಲ್ಲಿ. ದೂರದಿಂದ ತೆಗೆದಾಗ ಬೆನ್ನ ಹಿಂದಿನ ಜಗತ್ತಿನ ಒಂದು ಸಣ್ಣ ತುಣುಕು ಮಾತ್ರ ಚೌಕಟ್ಟಿಗೆ ಬಂದು, ಹಿಗ್ಗಿ, ತನ್ನ ಮಸುಕಿನ ಸಮೇತ ದೊಡ್ಡದಾಗುತ್ತದೆ. ಹತ್ತು ಬೋರ್ಡು, ಎರಡು ಕಂಬ, ಒಂದು ಟಂಟಂ ಗಾಡಿ ಇದ್ದ ಹಿನ್ನೆಲೆ ಒಂದೇ ಬೇವಿನ ಮರದ ಹಸಿರಾಗಿಬಿಡುತ್ತದೆ. ಹಾಗಾಗಿ ಸಾಧಾರಣ ಕ್ಯಾಮೆರಾದವರು ಮೊದಲು ಖರ್ಚು ಮಾಡಬೇಕಾದದ್ದು ಹೆಜ್ಜೆಗಳನ್ನು.

ಕಿಂಡಿ ಒಂದು ಅಳತೆಯಾಯಿತು. ಇನ್ನೊಂದು, ವ್ಯಕ್ತಿಗೂ ಹಿನ್ನೆಲೆಗೂ ನಡುವಿನ ಅಂತರ. ಕ್ಯಾಮೆರಾದಿಂದ ಹಿನ್ನೆಲೆಗಿರುವ ಒಟ್ಟು ದೂರದಲ್ಲಿ, ವ್ಯಕ್ತಿಯ ಬೆನ್ನ ಹಿಂದಿರುವ ಪಾಲು ಎಷ್ಟೋ ಕಿಂಡಿಯ ಅಷ್ಟು ಪಾಲು ಮಾತ್ರ ಮಸುಕಾಗಿ ದಕ್ಕುತ್ತದೆ. ಎರಡು ಮೀಟರು ದೂರದಲ್ಲಿ ಕುಳಿತವರ ಹಿಂದೆ ಅರ್ಧ ಮೀಟರಿಗೇ ಗೋಡೆಯಿದ್ದರೆ ಆ ಪಾಲು ಐದರಲ್ಲಿ ಒಂದು, 28 ಮಿ.ಮೀ. ಕಿಂಡಿಯಿಂದ ಸಿಗುವುದು ಐದೂವರೆ ಮಿ.ಮೀ. ಮಸುಕು. ಅವರನ್ನೇ ಅಂಗಳಕ್ಕೆ ಕರೆತಂದು, ಗೋಡೆ ಅವರ ಹಿಂದೆ ಆರು ಮೀಟರು ದೂರದಲ್ಲಿರುವಂತೆ ಕೂರಿಸಿದರೆ ಪಾಲು ನಾಲ್ಕರಲ್ಲಿ ಮೂರು, ಮಸುಕು 21 ಮಿ.ಮೀ. ಒಂದು ಕುರ್ಚಿಯನ್ನು ಎತ್ತಿ ಮುಂದಿಡುವುದರಿಂದ ಆಗುವ ಈ ಲಾಭವನ್ನು ದುಡ್ಡು ಕೊಟ್ಟು ತರಬೇಕಾದರೆ ಲೆನ್ಸಿನ ಬೆಲೆ ಎಲ್ಲಿಗೋ ಹೋಗುತ್ತದೆ. ಆದರೂ ಸಂದರ್ಶನಕ್ಕೆ ಬಂದವರನ್ನು ಗೋಡೆಗೆ ಒರಗಿಸಿ ಕೂರಿಸುವ ಅಭ್ಯಾಸ ನಮ್ಮಲ್ಲಿ ಬಿಟ್ಟಿಲ್ಲ. ಮರ್ಯಾದೆಯ ಜಾಗ ಎಂದರೆ ಗೋಡೆಯ ಕಡೆಯದು ಎಂಬ ಭಾವನೆಯೂ ಅದಕ್ಕೆ ಕಾರಣವಿರಬಹುದು.

ಅಂಗಳಕ್ಕೆ ಬಂದ ಕೂಡಲೇ ನಮ್ಮ ಬಿಸಿಲು ಎದುರಾಗುತ್ತದೆ. ವಿಡಿಯೊದಲ್ಲಿ ಸೆಕೆಂಡಿಗೆ 25 ಫ್ರೇಮ್ ಇಟ್ಟರೆ ಶಟರನ್ನು, ಅಂದರೆ ಪ್ರತಿ ಫ್ರೇಮಿಗೂ ಬೆಳಕು ಬೀಳುವ ಹೊತ್ತನ್ನು, ಸೆಕೆಂಡಿನ 1/50ರಲ್ಲಿ ಇಡುವುದು ವಾಡಿಕೆ. ಚಲನೆ ಕಣ್ಣಿಗೆ ಸಹಜವಾಗಿ ಕಾಣುವುದು ಹಾಗೆಯೇ, ಮತ್ತು ಒಳಾಂಗಣದಲ್ಲಿ ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಟ್ಯೂಬ್‌ಲೈಟು ಮಿಣುಕದಿರಲು ಕೂಡ ಅದು ಸರಿಹೊಂದುತ್ತದೆ. ಆದರೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಶಟರ್ 1/50 ಇಟ್ಟು ರಾಯಚೂರಿನ ಇಲ್ಲವೇ ಕೊಪ್ಪಳದ ನಿಚ್ಚಳ ಬಿಸಿಲಿನಲ್ಲಿ ನಿಂತರೆ ಅಪರ್ಚರು ಎಫ್/22ರ ಹತ್ತಿರ ಹೋಗಬೇಕಾಗುತ್ತದೆ. ಅಲ್ಲಿ 50 ಮಿ.ಮೀ. ಲೆನ್ಸಿನ ಕಿಂಡಿ ಎರಡು ಮಿ.ಮೀ. ಚಿಲ್ಲರೆ, ಅಂದರೆ ಫೋನಿಗಿಂತ ಸಣ್ಣದು. ಜೊತೆಗೆ ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಬಾಗುವುದರಿಂದ ಇಡೀ ಚಿತ್ರ ತುಸು ಮೆತ್ತಗಾಗುತ್ತದೆ. ದೊಡ್ಡ ಲೆನ್ಸು ಕೊಂಡವರು ಹೊರಾಂಗಣದಲ್ಲಿ ಅದರ ಪ್ರಯೋಜನವನ್ನೆಲ್ಲ ಕಳೆದುಕೊಳ್ಳುವುದು ಇಲ್ಲಿ.

ಇದಕ್ಕೆ ಮದ್ದು ಎನ್‌ಡಿ ಫಿಲ್ಟರ್ ಎಂಬ ಕಪ್ಪು ಗಾಜು. ಎನ್‌ಡಿ64 ಎಂದರೆ 64ರಲ್ಲಿ ಒಂದು ಪಾಲು ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ. ಅದನ್ನು ಹಾಕಿದರೆ ಎಫ್/22 ಎಫ್/2.8ಕ್ಕೆ ಇಳಿದು ಕಿಂಡಿ 18 ಮಿ.ಮೀ.ಗೆ ಮರಳುತ್ತದೆ. ತಿರುಗಿಸಿ ಹೆಚ್ಚುಕಡಿಮೆ ಮಾಡಬಹುದಾದ ವೇರಿಯಬಲ್ ಎನ್‌ಡಿ ಕೈಗೆ ಅನುಕೂಲ, ಆದರೆ ಅಗ್ಗದ್ದರಲ್ಲಿ ವೈಡ್ ಲೆನ್ಸಿಗೆ ಹಾಕಿ ಹೆಚ್ಚು ತಿರುಗಿಸಿದರೆ ಆಕಾಶದ ಮೇಲೆ ಅಡ್ಡಾದಿಡ್ಡಿ ಕಪ್ಪು ಪಟ್ಟೆ ಮೂಡುತ್ತದೆ. ಬೇರೆ ಬೇರೆ ಲೆನ್ಸಿಗೆ ಬೇರೆ ಬೇರೆ ಫಿಲ್ಟರು ಕೊಳ್ಳುವ ಬದಲು ದೊಡ್ಡ ಅಳತೆಯದೊಂದನ್ನು ಕೊಂಡು, ಉಳಿದ ಲೆನ್ಸುಗಳಿಗೆ ಸ್ಟೆಪ್-ಅಪ್ ರಿಂಗ್ (ಸಣ್ಣ ಲೆನ್ಸಿಗೆ ದೊಡ್ಡ ಫಿಲ್ಟರು ಕೂರಿಸುವ ಬಳೆ) ಹಾಕಿಕೊಳ್ಳುವುದು ಜಾಣತನ. ಫೋನಿಗಂತೂ ಎನ್‌ಡಿ ಇನ್ನೂ ಹೆಚ್ಚು ಬೇಕು. ಬಹುತೇಕ ಫೋನುಗಳಲ್ಲಿ ಅಪರ್ಚರು ಮುಚ್ಚುವುದಿಲ್ಲವಾದ್ದರಿಂದ ಅದು ಬಿಸಿಲಿನಲ್ಲಿ ಶಟರನ್ನು ಸೆಕೆಂಡಿನ ಸಾವಿರದ ಭಾಗಗಳಿಗೆ ಓಡಿಸುತ್ತದೆ, ಡೊಳ್ಳು ಕುಣಿತದವರ ಕೈಕಾಲುಗಳು ತುಂಡು ತುಂಡಾಗಿ ಜಿಗಿದಂತೆ ಕಾಣುತ್ತವೆ.

ಫೋನು ಈ ಕೊರತೆಯನ್ನು ಲೆಕ್ಕಾಚಾರದಿಂದ ತುಂಬಿಕೊಳ್ಳಲು ನೋಡುತ್ತದೆ. 2021ರ ಐಫೋನ್ 13ರಲ್ಲಿ ಬಂದ ಸಿನಿಮ್ಯಾಟಿಕ್ ಮೋಡ್ ದೂರವನ್ನು ಅಂದಾಜಿಸಿ ಹಿನ್ನೆಲೆಯನ್ನು ಮಸುಕಾಗಿಸುತ್ತದೆ. ಫೋಕಸನ್ನು ಆಮೇಲೆ ಬದಲಿಸುವುದಕ್ಕೂ ಬಿಡುತ್ತದೆ. ಬೋಳು ಗೋಡೆಯ ಮುಂದೆ ನಿಂತ ಯುವಕನಿಗೆ ಅದು ಸಾಕು. ಮಲ್ಲಿಗೆ ಮುಡಿದ ಜಡೆ, ಗಾಳಿಗೆ ಹಾರುವ ಸೆರಗಿನ ಕುಚ್ಚು, ಅಜ್ಜನ ಕನ್ನಡಕದ ಕಡ್ಡಿ ಎದುರಾದಲ್ಲಿ ಅಂಚುಗಳು ಎಡವುತ್ತವೆ, ಒಂದು ಫ್ರೇಮಿನಲ್ಲಿ ಹೂವು ಇರುತ್ತದೆ, ಮುಂದಿನದರಲ್ಲಿ ಇರುವುದಿಲ್ಲ. ನನಗೆ ಅದರ ಮೇಲೆ ಇನ್ನೂ ಭರವಸೆ ಹುಟ್ಟಿಲ್ಲ.

ದೂರ ನಿಂತು ಝೂಮ್ ಮಾಡುವ ಉಪಾಯಕ್ಕೂ ನಮ್ಮ ಬೇಸಿಗೆ ಒಂದು ಮಿತಿ ಹಾಕಿದೆ. 55-250 ಲೆನ್ಸನ್ನು 250ರಲ್ಲಿ ಎಫ್/5.6 ಇಟ್ಟರೆ ಕಿಂಡಿ 44 ಮಿ.ಮೀ. ದಾಟುತ್ತದೆ, ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಏಪ್ರಿಲ್‌ನಲ್ಲಿ ಹೊತ್ತೇರಿದ ಮೇಲೆ ಎರೆಹೊಲದ ಆಚೆ ನಿಂತ ಮನುಷ್ಯನನ್ನು ಈ ಲೆನ್ಸಿನಲ್ಲಿ ನೋಡಿದರೆ ಕಾದ ನೆಲದಿಂದೇಳುವ ಝಳಕ್ಕೆ ಮುಖವೇ ನೀರಿನೊಳಗಿದ್ದಂತೆ ಅಲುಗುತ್ತದೆ. ಅದು ಫೋಕಸಿನ ದೋಷವಲ್ಲವಾದ್ದರಿಂದ ಫೋಕಸ್ ರಿಂಗನ್ನು ಎಷ್ಟು ತಿರುಗಿಸಿದರೂ ಸರಿಹೋಗದು. ಬೆಳಗಿನ ಎಂಟು ಗಂಟೆಯೊಳಗೆ ಮುಗಿಸಬೇಕು, ಇಲ್ಲವೇ ಹತ್ತಿರ ಹೋಗಬೇಕು.

ಇನ್ನು ಹಿನ್ನೆಲೆಯನ್ನು ಅಳಿಸಬಾರದ ಸಂದರ್ಭಗಳು. ಮದುವೆ ವಿಡಿಯೊ ಮಾಡುವ ಗೆಳೆಯರೊಬ್ಬರು ಇದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: "ಹಿಂದ ಡೆಕೋರೇಷನ್ ಕಾಣ್ಲಿಲ್ಲಂದ್ರ ರೊಕ್ಕಾ ಕೊಟ್ಟವ್ರು ಸುಮ್ನ ಬಿಡ್ತಾರೇನ್ರಿ?" ಅವರು ಮಂಟಪದಲ್ಲಿ ಎಫ್/4ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅಕ್ಷತೆ ಬೀಳುವ ಗಳಿಗೆಯಲ್ಲಿ ಆಟೊಫೋಕಸ್ ಮುಂದೆ ಹಾರುವ ಕಾಳಿಗೋ ನೆಂಟರ ಕೈಗೋ ಜಿಗಿದರೂ, ಆಳ ತುಸು ಹೆಚ್ಚಿದ್ದರೆ ಮದುಮಕ್ಕಳ ಮುಖ ಪೂರ್ತಿ ಕೈಬಿಟ್ಟುಹೋಗುವುದಿಲ್ಲ ಎಂಬುದು ಅವರ ಇನ್ನೊಂದು ಲೆಕ್ಕ.

ಕುಕನೂರಿನ ಸಮೀಪದ ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯವಿದೆ. ಅಲ್ಲಿನ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆಯುತ್ತದೆ. ಅದರ ತೆರೆದ ಮಂಟಪದಲ್ಲಿ ಕಂಬದ ಹಿಂದೆ ಕಂಬ ನಿಂತಿವೆ. ಮುಂದಿನ ಒಂದು ಕಂಬವನ್ನು ಮಾತ್ರ ಉಳಿಸಿ ಹಿಂದಿನವನ್ನೆಲ್ಲ ಕರಗಿಸಿದ ಚಿತ್ರಗಳನ್ನು ಬೇಕಾದಷ್ಟು ನೋಡಿದ್ದೇನೆ. ಆ ಕಂಬ ಇಟಗಿಯದ್ದೋ, ಲಕ್ಕುಂಡಿಯದ್ದೋ, ಯಾವುದೋ ಹೋಟೆಲಿನ ಅಂಗಳದ್ದೋ ಹೇಳಲಾಗುವುದಿಲ್ಲ. ಅಲ್ಲಿ ಬೇಕಾಗುವುದು ಸಾಲು. ಕಿಟ್ ಲೆನ್ಸನ್ನು 18ರಲ್ಲಿ, ಎಫ್/8ರಲ್ಲಿ ಇಟ್ಟು, ಎರಡು ಮೀಟರಿಗಿಂತ ತುಸು ಆಚೆ ಕೈಯಿಂದ ಫೋಕಸ್ ಮಾಡಿ ಬಿಟ್ಟುಬಿಟ್ಟರೆ, ಒಂದು ಮೀಟರು ಚಿಲ್ಲರೆಯಿಂದ ಹಿಡಿದು ಅನಂತದವರೆಗೆ ಎಲ್ಲವೂ ಸ್ಪಷ್ಟ. ಆಮೇಲೆ ನಡೆಯುತ್ತ ಹೋದರೂ ರಿಂಗು ಮುಟ್ಟಬೇಕಾಗಿಲ್ಲ. ಕಿಟ್ ಲೆನ್ಸನ್ನು ಹಳಿಯುವವರು ಈ ಕೆಲಸಕ್ಕೆ ಅದನ್ನು ಬಳಸಿ ನೋಡಬೇಕು. ಆನೆಗುಂದಿಯ ಬಂಡೆಗುಡ್ಡಗಳಿಗೂ, ಬಳ್ಳಾರಿಯ ಏಕಶಿಲಾ ಬೆಟ್ಟದ ಕೆಳಗಿನ ಬೀದಿಗಳಿಗೂ ಇದೇ ಸೆಟ್ಟಿಂಗು ಸಾಕು. ಬೆಟ್ಟವನ್ನು ಮಸುಕಾಗಿಸಿದರೆ ಬಳ್ಳಾರಿಯಲ್ಲಿ ತೆಗೆದದ್ದು ಎನ್ನಲು ಉಳಿಯುವುದೇನು?

ಮಸುಕು, ಸ್ಪಷ್ಟತೆ ಎರಡೂ ಬೇಕಾಗುವ ಜಾಗ ಕೊಪ್ಪಳ ಜಿಲ್ಲೆಯ ಕಿನ್ನಾಳ. ಹಗುರ ಮರದ ಗೊಂಬೆಗೆ ಹುಣಸೆಬೀಜದ ಅಂಟು ಹಚ್ಚಿ, ಬಣ್ಣ ಕೊಡುವ ಚಿತ್ರಗಾರರ ಕೋಣೆಗಳು ದೊಡ್ಡವಲ್ಲ. ಕ್ಯಾಮೆರಾದವರು ಹಿಂದೆ ಸರಿದರೆ ಬೆನ್ನಿಗೆ ಕಪಾಟು, ಕಲಾವಿದರು ಮುಂದೆ ಸರಿದರೆ ಮೊಣಕಾಲಿಗೆ ಬಣ್ಣದ ಬಟ್ಟಲು. ಅಂತರದ ಉಪಾಯ ಇಲ್ಲಿ ನಡೆಯದು. ನಡೆಯುವುದು ಬೆಳಕಿನ ಉಪಾಯ: ಅವರನ್ನು ಹೊಸ್ತಿಲ ಹತ್ತಿರ, ಬಾಗಿಲ ಬೆಳಕು ಒಂದು ಕೆನ್ನೆಯ ಮೇಲೆ ಬೀಳುವಂತೆ ಕೂರಿಸಿ, ಆ ಕೆನ್ನೆಗೆ ತಕ್ಕಂತೆ ಎಕ್ಸ್‌ಪೋಷರ್ ಇಟ್ಟರೆ ಒಳಗಿನ ಕೋಣೆ ತಾನಾಗಿ ಕಪ್ಪಾಗುತ್ತದೆ. ವ್ಯಕ್ತಿ ಹಿನ್ನೆಲೆಯಿಂದ ಬಿಡಿಸಿಕೊಂಡು ಎದ್ದು ಕಾಣಲು ಮಸುಕೇ ಆಗಬೇಕೆಂದಿಲ್ಲ, ಕತ್ತಲೆಯೂ ಆದೀತು. ಕಿಟ್ ಲೆನ್ಸಿನಲ್ಲಿ ಕೂಡ ಇದು ಆಗುತ್ತದೆ.

ಅಲ್ಲಿ ಒಮ್ಮೆ 50 ಮಿ.ಮೀ. ಲೆನ್ಸಿನಲ್ಲಿ ಎಫ್/1.8 ಇಟ್ಟು ತೆಗೆದ ದೃಶ್ಯವನ್ನು ಕ್ಯಾಮೆರಾದ ಪರದೆಯ ಮೇಲೆ ತೋರಿಸಿದಾಗ ಹಿರಿಯ ಕಲಾವಿದರೊಬ್ಬರು ಹುಬ್ಬು ಗಂಟಿಕ್ಕಿ, "ನಾ ಒಬ್ಬವ ಕಂಡ್ರ ಏನ್ ಬಂತ್ರಿ ಸರ, ಗೊಂಬಿ ಎಲ್ಲಿ ಹೋದ್ವು?" ಎಂದರು. ಅವರ ಹಿಂದಿನ ಹಲಗೆಯ ಮೇಲೆ ಒಣಗಲಿಟ್ಟಿದ್ದ ಗೊಂಬೆಗಳು ಕೆಂಪು, ಹಸಿರು ಕಲೆಗಳಾಗಿದ್ದವು. ಎಫ್/5.6ಕ್ಕೆ ಏರಿಸಿದಾಗ ಗೊಂಬೆಗಳ ಅಂಚು ಇನ್ನೂ ಮೆತ್ತಗಿದ್ದರೂ ಗರುಡ ಯಾವುದು, ಹಣ್ಣಿನ ಬುಟ್ಟಿ ಯಾವುದು ಎಂದು ಗುರುತು ಸಿಕ್ಕಿತು. ಪೂರ್ತಿ ಮಸುಕು ಮತ್ತು ಪೂರ್ತಿ ಸ್ಪಷ್ಟತೆಗಳ ನಡುವಿನ ಈ ಹದವೇ ನನಗೆ ಹೆಚ್ಚು ಸಲ ಬೇಕಾಗುತ್ತದೆ. ಅದಕ್ಕೆ ಸೂತ್ರವಿಲ್ಲ; ಹಿಂದಿನದನ್ನು ಗುರುತಿಸಲಾಗಬೇಕು, ಓದುತ್ತ ಕೂರುವಂತಾಗಬಾರದು.

ಕುಂಚದ ತುದಿಯ ದೃಶ್ಯಕ್ಕೆ ಲೆಕ್ಕ ಪೂರ್ತಿ ತಿರುಗುಮುರುಗಾಗುತ್ತದೆ. 50 ಮಿ.ಮೀ. ಲೆನ್ಸನ್ನು ಅದು ಒಪ್ಪುವಷ್ಟು ಹತ್ತಿರಕ್ಕೆ, 35 ಸೆಂ.ಮೀ.ಗೆ, ಒಯ್ದು ಎಫ್/1.8ರಲ್ಲಿ ತೆಗೆದರೆ ಸ್ಪಷ್ಟವಾಗಿರುವ ಆಳ ಎರಡು ಮಿ.ಮೀ. ಕೂಡ ಇಲ್ಲ. ಗೊಂಬೆಯ ಸೀರೆಯಂಚಿಗೆ ಗೆರೆ ಎಳೆಯುವ ಕುಂಚದ ಕೂದಲು ಅದಕ್ಕಿಂತ ಹೆಚ್ಚು ಬಳುಕುತ್ತದೆ. ಎಫ್/8ಕ್ಕೆ ಹೋದರೆ ಎಂಟು ಮಿ.ಮೀ. ಸಿಗುತ್ತದೆ, ಆದರೆ ಇಪ್ಪತ್ತು ಪಟ್ಟು ಬೆಳಕು ಬೇಕು, ಆ ಕೋಣೆಯಲ್ಲಿ ಅದಿಲ್ಲ. ಆಗ ಜೇಬಿನ ಫೋನನ್ನು ಸಣ್ಣ ಟ್ರೈಪಾಡಿಗೆ ಕಟ್ಟಿ ಗೊಂಬೆಯ ಪಕ್ಕ ಇಟ್ಟರೆ, ಇಲ್ಲಿಯವರೆಗೆ ಕೊರತೆಯೆಂದು ಹೇಳಿದ ಅದರ ಸಣ್ಣ ಕಿಂಡಿಯೇ ಅನುಕೂಲವಾಗುತ್ತದೆ: ಅಪರ್ಚರು ಎಫ್/1.8ರಲ್ಲೇ ಇದ್ದು ಬೆಳಕು ಒಳಬರುತ್ತದೆ, ಕುಂಚವೂ ಬೆರಳೂ ಗೊಂಬೆಯ ಮಡಿಕೆಯೂ ಒಟ್ಟಿಗೆ ನಿಲ್ಲುತ್ತವೆ. ಫೋಕಸನ್ನು ಬೆರಳಿನಿಂದ ಒತ್ತಿ ಹಿಡಿದು ಲಾಕ್ ಮಾಡುವುದನ್ನು ಮಾತ್ರ ಮರೆಯಬಾರದು.

ಮುಖದ ದೃಶ್ಯಕ್ಕೆ ಬಂದರೆ, ಎರಡು ಮೀಟರು ದೂರದಲ್ಲಿ 50 ಮಿ.ಮೀ. ಲೆನ್ಸು ಎಫ್/1.8ರಲ್ಲಿ ಕೊಡುವ ಆಳ ಸುಮಾರು 11 ಸೆಂ.ಮೀ., ಎಫ್/4ರಲ್ಲಿ 24. ಕೆಲಸ ಮಾಡುವವರು ಸುಮ್ಮನೆ ಕೂರುವುದಿಲ್ಲ. ಬಣ್ಣಕ್ಕೆ ಬಾಗುತ್ತಾರೆ, ಬೆಳಕಿಗೆ ಗೊಂಬೆ ಎತ್ತಿ ನೋಡುತ್ತಾರೆ, ಯಾರೋ ಕರೆದರೆ ತಿರುಗುತ್ತಾರೆ. ಹಾಗಾಗಿ ಮೊದಲು ಅವರ ಕೆಲಸವನ್ನು ಸ್ವಲ್ಪ ಹೊತ್ತು ನೋಡಿ, ತಲೆ ಎಲ್ಲಿಂದ ಎಲ್ಲಿಗೆ ಹೋಗಿಬರುತ್ತದೆ ಎಂಬುದನ್ನು ತಿಳಿದು, ಬಾಗಿದಾಗ ಒಂದು, ಎದ್ದಾಗ ಒಂದು ಎಂದು ಫೋಕಸ್ ರಿಂಗಿನ ಪಕ್ಕ ಅಂಟಿಸಿದ ಕಾಗದದ ಟೇಪಿನ ಮೇಲೆ ಎರಡು ಗೀಟು ಹಾಕಿಕೊಳ್ಳುತ್ತೇನೆ. ಕ್ಯಾನನ್ 50 ಮಿ.ಮೀ. ಎಸ್‌ಟಿಎಂನಂಥ (ಮೋಟಾರಿನಿಂದ ಫೋಕಸ್ ಆಗುವ) ಅಗ್ಗದ ಲೆನ್ಸುಗಳಲ್ಲಿ ರಿಂಗು ಕೊನೆಯಿಲ್ಲದೆ ತಿರುಗುವುದರಿಂದ ಗೀಟು ನಿಲ್ಲುವುದಿಲ್ಲ. ಹಳೆಯ ಫಿಲ್ಮ್ ಕ್ಯಾಮೆರಾದ, ಕೈಯಿಂದಲೇ ಫೋಕಸ್ ಮಾಡುವ ಲೆನ್ಸೊಂದು ಸಿಕ್ಕಿ, ಅಡಾಪ್ಟರಿನಿಂದ ಕೂರುವಂತಿದ್ದರೆ ಈ ಕೆಲಸಕ್ಕೆ ಅದೇ ವಾಸಿ. ಅದೂ ಇಲ್ಲದಿದ್ದರೆ ಎಫ್/4ರಲ್ಲಿ ಇಟ್ಟು, ಬಾಗಿದ ತಲೆಗೂ ಎದ್ದ ತಲೆಗೂ ನಡುವೆ ಫೋಕಸ್ ಮಾಡಿ, ಕೈ ತೆಗೆದುಬಿಡುವುದು.